ದಿನಕ್ಕೆ ಸೊನ್ನೆ ನಿಮಿಷ

ಆ ಸೊನ್ನೆಯನ್ನು ಒತ್ತಿದವಳು ನಾನು. ತಪ್ಪನ್ನೆಲ್ಲ ಯಂತ್ರದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ. ಯಂತ್ರ ಕೇಳಿತು, ನಾನು ಒತ್ತಿದೆ. ಒಂದಲ್ಲ, ಎರಡಲ್ಲ, ಮೂವತ್ತೆಂಟು ಸಲ.

ನನ್ನ ಹೆಸರು ಶಶಿಕಲಾ ಬಡಿಗೇರ. ಹುಬ್ಬಳ್ಳಿಯ ಮುನ್‌ತಪಾಸಣಾ ಕೇಂದ್ರದಲ್ಲಿ ಯಂತ್ರ ನಡೆಸುವ ಕೆಲಸ. ಕಾಯ್ದೆ ಬಂದು ಆರು ವರ್ಷವಾಯಿತು. ಜಿಮ್ಮಿಗೆ ಸೇರುವವರು, ಈಜು ಕಲಿಯುವವರು, ಕೊನೆಗೆ ಮೈದಾನದಲ್ಲಿ ನಾಲ್ಕು ಸುತ್ತು ಓಡುವವರು ಕೂಡ ಮೊದಲು ನಮ್ಮಲ್ಲಿಗೆ ಬಂದು ಹೃದಯ ತೋರಿಸಿಕೊಳ್ಳಬೇಕು. ಕಾಯ್ದೆ ಕೆಟ್ಟದ್ದೆಂದು ನಾನು ಅನ್ನುವುದಿಲ್ಲ. ಓಡುತ್ತ ಓಡುತ್ತ ಕುಸಿದು ಬಿದ್ದ ಮಕ್ಕಳ ತಾಯಂದಿರು ಹಟ ಹಿಡಿದು ತರಿಸಿದ ಕಾಯ್ದೆ ಅದು. ಹೊಸದಾಗಿ ಮೈ ದಣಿಸುವ ಮೊದಲು ಮೈಯನ್ನೊಮ್ಮೆ ನೋಡಿಸಿಕೊಳ್ಳಿ ಎನ್ನುವುದರಲ್ಲಿ ಏನು ತಪ್ಪಿದೆ?

ನಮ್ಮ ಯಂತ್ರಕ್ಕೆ ಎದೆಗನ್ನಡಿ ಎಂದು ಹೆಸರು. ಕುರ್ಚಿಯ ಮೇಲೆ ಕುಳಿತರೆ ಎದೆಯ ಮುಂದೆ ಒಂದು ತಟ್ಟೆ ಬಂದು ನಿಲ್ಲುತ್ತದೆ. ಕಿವಿಗೆ ಕೇಳಿಸದ ಸದ್ದನ್ನು ಒಳಗೆ ಕಳಿಸಿ, ಮರಳಿ ಬಂದದ್ದನ್ನು ಹಿಡಿದು ಹೃದಯದ ಚಿತ್ರ ಬಿಡಿಸುತ್ತದೆ. ಗೋಡೆ ಎಷ್ಟು ದಪ್ಪವಿದೆ, ನಿಮಿಷಕ್ಕೆ ಎಷ್ಟು ಬಡಿತ, ಎಲ್ಲ ತೊಂಬತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಆಮೇಲೆ ಪರದೆಯ ಮೇಲೆ ಒಂದೇ ಒಂದು ಪ್ರಶ್ನೆ: ದಿನಕ್ಕೆ ಎಷ್ಟು ನಿಮಿಷ ವ್ಯಾಯಾಮ? ಉತ್ತರವನ್ನು ನಾನು ಒತ್ತುತ್ತೇನೆ. ಕಾಯ್ದೆ ಬಂದಾಗಿನಿಂದ ಎಲ್ಲರ ಕೈಯಲ್ಲೂ ಇರುವ ಕೈಪಟ್ಟಿಯ ದೀಪ ಹಸಿರಾದರೆ ಜಿಮ್ಮಿನ ಬಾಗಿಲು ತೆರೆಯುತ್ತದೆ. ಕೆಂಪಾದರೆ ಇಲ್ಲ. ಕೆಂಪಿನವರು ಕದ್ದುಮುಚ್ಚಿ ವ್ಯಾಯಾಮ ಮಾಡಿದರೆ ಪಟ್ಟಿ ಕೂಗಿಕೊಳ್ಳುತ್ತದೆ, ನಮ್ಮ ಕೇಂದ್ರಕ್ಕೂ ಸುದ್ದಿ ಬರುತ್ತದೆ.

ಫಕೀರವ್ವ ತಳವಾರ ಬಂದದ್ದು ಒಂದು ಬುಧವಾರ ಮಧ್ಯಾಹ್ನ. ನಮ್ಮ ಓಣಿಯವಳೇ, ನಾನು ಚಿಗವ್ವ ಎಂದು ಕರೆಯುತ್ತೇನೆ. ವಯಸ್ಸು ಐವತ್ತೊಂದು. ಇಪ್ಪತ್ತೆಂಟು ವರ್ಷದಿಂದ ಸ್ಲ್ಯಾಬ್ ಹಾಕುವ ಗ್ಯಾಂಗಿನಲ್ಲಿ ಕಾಂಕ್ರೀಟ್ ಬುಟ್ಟಿ ಹೊತ್ತವಳು. ಈಗೀಗ ಕಾಂಕ್ರೀಟನ್ನು ಪೈಪಿನಲ್ಲಿ ಮೇಲೇರಿಸುವ ಪಂಪು ಬಂದಿದೆ. ಪಂಪಿನ ಲಾರಿ ನುಗ್ಗದ ಸಂದಿಗೊಂದಿಗಳಲ್ಲಿ ಮಾತ್ರ ಇವರಿಗೆ ಕೆಲಸ. ವಾರಕ್ಕೆ ಎರಡು ದಿನ ಸಿಕ್ಕರೆ ಪುಣ್ಯ. ಉಳಿದ ದಿನ ಕೂತು ಕೂತು ಮಂಡಿ ಹಿಡಿದುಕೊಂಡಿತು, ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿತು. ವ್ಯಾಯಾಮ ಮಾಡಿ ಎಂದು ಸರಕಾರಿ ಡಾಕ್ಟರರು ಇಡೀ ಗ್ಯಾಂಗಿಗೇ ಹೇಳಿ ಕಳಿಸಿದ್ದರು. ಒಬ್ಬೊಬ್ಬರೇ ಬಂದು ತೋರಿಸಿಕೊಂಡು ಹೋಗಿದ್ದರು, ಎಲ್ಲರಿಗೂ ಕೆಂಪು. ಫಕೀರವ್ವನೇ ಕೊನೆಯವಳು. ಆದರೆ ಅವಳು ಉಳಿದವರ ಹಾಗೆ ಮೈದಾನದಲ್ಲಿ ನಡೆದಾಡಲು ಅನುಮತಿ ಕೇಳಿ ಬಂದವಳಲ್ಲ.

"ಮೈದಾನದ ಬಾಜೂಕ ಹೆಣ್ಮಕ್ಕಳು ಕಬ್ಬಿಣದ ಸಲಾಕಿ ಎತ್ತತಾರಲ್ಲ, ಅಲ್ಲಿ ಸೇರಾಕಿ ನಾ" ಎಂದಳು. "ಕಿಡಕ್ಯಾಗ ನಿಂತು ನೋಡೀನಿ. ಎತ್ತಿ, ತಲಿ ಮ್ಯಾಲೆ ಹಿಡದು, ಹೊಳ್ಳಿ ಕೆಳಗ ಒಗೀತಾರ. ಅದೆಲ್ಲೂ ಸಾಗಿಸಾಂಗಿಲ್ಲ, ಯಾರ ಮನೀಗೂ ಅಲ್ಲ. ಬರೇ ತಮ್ಮ ಸಲುವಾಗಿ ಎತ್ತತಾರ! ನನಗೂ ಹಂಗ ಎತ್ತಬೇಕಾಗೇತಿ."

ಕುರ್ಚಿಯಲ್ಲಿ ಕೂರಿಸಿದೆ. ಗೋಡೆ ದಪ್ಪ, ಬಡಿತ ನಲವತ್ತೆಂಟು. ಪರದೆಯ ಮೇಲೆ ಪ್ರಶ್ನೆ ಬಂತು.

"ವ್ಯಾಯಾಮ ಮಾಡ್ತೀಯೇನ ಚಿಗವ್ವ?"

"ಹುಚ್ಚಿ ಅದೀ ಏನ? ಬುಟ್ಟಿ ಹೊತ್ತು ಮನಿಗೆ ಬಂದು ರೊಟ್ಟಿ ಬಡಿಯೂದ್ರಾಗ ಹೊತ್ತು ಮುಳಗತೈತಿ. ನಮಗೆಲ್ಲಿಂದ ಬರಬೇಕ ವ್ಯಾಯಾಮ?"

"ಅಂದ್ರ ಇಲ್ಲ?"

"ಇಲ್ಲಂತ ಬರಿ."

ಸೊನ್ನೆ ಒತ್ತಿದೆ. ಕೈಪಟ್ಟಿ ಕೆಂಪಾಯಿತು. 'ಹೃದಯ ಸ್ನಾಯುವಿನ ಕಾಯಿಲೆಯ ಸಂಶಯ. ಯಾವುದೇ ವ್ಯಾಯಾಮ ನಿಷೇಧ' ಎಂದು ಪರದೆ ಬರೆಯಿತು. ಓದಿ ಹೇಳಿದೆ. ಅವಳ ಮುಖ ಸಣ್ಣದಾಯಿತು.

"ಹಂಗಾರ ನಾಳೆ ಸ್ಲ್ಯಾಬಿಗೆ ಹೋಗೂದು ಬ್ಯಾಡೇನು?"

ನಿಯಮ ನನಗೆ ಬಾಯಿಪಾಠ. "ಕೆಲಸಕ್ಕ ಹೋಗಬಹುದು. ಅದಕ್ಕ ನಿಷೇಧ ಇಲ್ಲ."

"ಏನಂದಿ? ಕಬ್ಬಿಣ ಎತ್ತಿದ್ರ ಸಾಯ್ತೀನಿ, ಕಾಂಕ್ರೀಟ ಎತ್ತಿದ್ರ ಸಾಯಾಂಗಿಲ್ಲ?"

ಕೈಪಟ್ಟಿಯ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇದೆ. ಹೆಬ್ಬೆರಳಿಂದ ಒತ್ತಿದರೆ ಪಟ್ಟಿ 'ಕೆಲಸ' ಎಂದು ತೋರಿಸಿ ಸುಮ್ಮನಾಗುತ್ತದೆ. ಆಮೇಲೆ ಎದೆ ಎಷ್ಟು ಬಡಿದುಕೊಂಡರೂ ಅದಕ್ಕೆ ಲೆಕ್ಕವಿಲ್ಲ, ದಾಖಲೆಯಿಲ್ಲ, ಕೂಗಿಲ್ಲ. ಇಲ್ಲದಿದ್ದರೆ ಕಟ್ಟಡದ ಕೆಲಸವೆಲ್ಲ ನಿಂತುಹೋಗುತ್ತದೆ ಎಂದು ಗುತ್ತಿಗೆದಾರರು ಗಲಾಟೆ ಮಾಡಿ ಇಡಿಸಿಕೊಂಡ ಗುಂಡಿ. ಸ್ಲ್ಯಾಬಿನ ದಿನ ಬೆಳಿಗ್ಗೆ ಮೇಸ್ತ್ರಿ "ಕೆಲಸ ಒತ್ತ್ರಿ" ಎಂದು ಕೂಗುತ್ತಾನೆ, ಎಲ್ಲರೂ ಒತ್ತುತ್ತಾರೆ. ಆರು ವರ್ಷ ಇದನ್ನು ನೋಡುತ್ತ ಬಂದ ನನಗೆ ಒಂದು ದಿನವೂ ಏನೂ ಅನ್ನಿಸಿರಲಿಲ್ಲ. ನಾಚಿಕೆಯಾಗಬೇಕು ನನಗೆ.

ಮರುದಿನ ಸಂಜೆ ಮನೆಯಲ್ಲಿ ಇನ್ನೊಂದು ತಮಾಷೆ ನಡೆಯಿತು. ನನ್ನ ಗಂಡ ಮಲ್ಲೇಶಿಗೆ ಮೂರು ವರ್ಷದಿಂದ ಹಸಿರು. ಹಗಲೆಲ್ಲ ಆಫೀಸಿನ ಕುರ್ಚಿ ಸವೆಸಿ, ಬೆಳಿಗ್ಗೆ ನಲವತ್ತು ನಿಮಿಷ ಕನ್ನಡಿ ಮುಂದೆ ಡಂಬೆಲ್ಸ್ ಎತ್ತುವ ಮನುಷ್ಯ. ಲಿಫ್ಟು ಕೆಟ್ಟಿತ್ತು, ಗ್ಯಾಸ್ ಸಿಲಿಂಡರು ಕೆಳಗೆ ಬಂದಿತ್ತು. ನಮ್ಮ ಮನೆ ಎರಡನೇ ಮಹಡಿ.

"ಅದೇನ ದೊಡ್ಡದು, ನಾ ತರ್ತೀನಿ" ಎಂದು ತೋಳು ಏರಿಸಿಕೊಂಡು ಹೋದವರು ಮೊದಲ ಮಹಡಿಯಲ್ಲೇ ಕುಳಿತುಬಿಟ್ಟರು. ಮುಖ ಟೊಮೆಟೊ ಆಗಿತ್ತು. ಕೆಳಗಿನ ಮನೆಗೆ ಮೊಸರು ಕೇಳಲು ಬಂದಿದ್ದ ಫಕೀರವ್ವ ನೋಡಿದಳು. "ಸರೀರಿ ಅಳ್ಯಾರ" ಎಂದು ಸೀರೆ ಸೆರಗನ್ನು ಸಿಂಬಿ ಸುತ್ತಿ, ಸಿಲಿಂಡರನ್ನು ತಲೆಗೇರಿಸಿ ಮಾತಾಡುತ್ತಲೇ ಮೆಟ್ಟಿಲು ಹತ್ತಿದಳು. ಮಾತು ಎಲ್ಲೂ ತುಂಡಾಗಲಿಲ್ಲ. ಅಡಿಗೆಮನೆಯಲ್ಲಿ ಇಳಿಸಿದ ಮೇಲೆ, ಮೊಸರು ಸ್ವಲ್ಪ ಹುಳಿ ಇದ್ದರೂ ನಡೆಯುತ್ತದೆ ಎಂದಳು.

ನನ್ನ ಕಣ್ಣು ಅವಳ ಕೈಪಟ್ಟಿಯ ಮೇಲಿತ್ತು. ಸ್ಲ್ಯಾಬಿನಿಂದ ನೇರ ಬಂದಿದ್ದಳು, 'ಕೆಲಸ' ಎಂದೇ ತೋರಿಸುತ್ತಿತ್ತು.

ಆಗ ನನ್ನ ತಲೆಗೆ ಹೊಳೆಯಿತು. ಅಯ್ಯೋ, ಎಂಥಾ ಕತ್ತೆ ನಾನು!

ಹೃದಯದ ಗೋಡೆ ದಪ್ಪವಾಗುವುದು ಎರಡು ರೀತಿ. ಒಂದು ಕಾಯಿಲೆಯಿಂದ. ಇನ್ನೊಂದು ದುಡಿದು ದುಡಿದು, ತೋಳಿನ ಮಾಂಸ ಬಲಿಯುವ ಹಾಗೆ. ದೂರ ಓಡುವವರಲ್ಲಿ, ಭಾರ ಎತ್ತುವವರಲ್ಲಿ ಇದು ಸಾಮಾನ್ಯ. ಅಂಥವರ ಬಡಿತವೂ ನಿಧಾನವಾಗಿರುತ್ತದೆ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕುವುದರಿಂದ. ಚಿತ್ರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು. ಅದಕ್ಕೇ ಯಂತ್ರ ಆ ಪ್ರಶ್ನೆ ಕೇಳುವುದು. ಮೈ ದಣಿಸಿದವರ ದಪ್ಪ ಹೃದಯಕ್ಕೆ ಹಸಿರು, ದಣಿಸದವರ ದಪ್ಪ ಹೃದಯಕ್ಕೆ ಕೆಂಪು. ಇಪ್ಪತ್ತೆಂಟು ವರ್ಷ ಬುಟ್ಟಿ ಹೊತ್ತವಳು ವ್ಯಾಯಾಮ ಇಲ್ಲ ಎಂದಳು, ಯಾಕೆಂದರೆ ಅವಳ ಬಾಯಲ್ಲಿ ಅದು ಕೂಲಿ. ನಾನು ಓದಿದವಳು, ಅವಳ ಓಣಿಯವಳು, ಕಣ್ಣಾರೆ ಕಂಡವಳು. ಸೊನ್ನೆ ಒತ್ತಿದೆ.

"ಚಿಗವ್ವ, ಒಂದ ಸ್ಲ್ಯಾಬಿಗೆ ಎಷ್ಟು ಬುಟ್ಟಿ ಹೊರ್ತೀ?"

"ಎಣಿಸಿದವರ್ಯಾರು? ಮುನ್ನೂರಂತೂ ಆಗ್ತಾವ."

"ಎಷ್ಟೊತ್ತು?"

"ಮುಂಜಾನೆ ಎಂಟಕ್ಕ ಹಿಡದ್ರ ನಾಕಕ್ಕ ಮುಗೀತೈತಿ. ಯಾಕ?"

ಶುಕ್ರವಾರ ಬೆಳಿಗ್ಗೆ ಬೇಗ ಹೋಗಿ ಅವಳ ಹಾಳೆ ತೆರೆದೆ. ಸೊನ್ನೆ ಅಳಿಸಿ 480 ಒತ್ತಿದೆ. 'ಗರಿಷ್ಠ ಮಿತಿ 180. ಈ ಉತ್ತರ ನಂಬಲರ್ಹವಲ್ಲ' ಎಂದಿತು. ಆಯಿತು ಮಾರಾಯ ಎಂದು 180 ಒತ್ತಿದೆ. 'ಹಿಂದಿನ ಉತ್ತರಕ್ಕೆ ವಿರುದ್ಧವಾಗಿದೆ. ಕೈಪಟ್ಟಿಯ ದಾಖಲೆ ಇದ್ದರೆ ಮಾತ್ರ ಮರುತಪಾಸಣೆ' ಎಂದಿತು. ಕೈಪಟ್ಟಿಯ ದಾಖಲೆ ತೆರೆದರೆ ಅಲ್ಲೇನಿದೆ? ಕೆಲಸ, ಕೆಲಸ, ಕೆಲಸ. ಮುಂದೆ ಎಲ್ಲ ಖಾಲಿ.

ಅವಳೊಬ್ಬಳದೇ ಅಲ್ಲ. ಗ್ಯಾಂಗಿನ ಮೂವತ್ತೆಂಟೂ ಜನರ ಹಾಳೆ ತೆಗೆದು ನೋಡಿದೆ. ದಪ್ಪ ಗೋಡೆ, ನಿಧಾನ ಬಡಿತ, ಸೊನ್ನೆ ನಿಮಿಷ, ಕೆಂಪು. ಎಲ್ಲದರ ಕೆಳಗೂ ನನ್ನದೇ ಸಹಿ.

ಬೆಂಗಳೂರಿನ ನಿಯಂತ್ರಣ ಕೊಠಡಿಗೆ ಫೋನು ಹಚ್ಚಿದೆ. ಅಲ್ಲಿ ನಮ್ಮ ವಿಭಾಗ ನೋಡಿಕೊಳ್ಳುವವರು ಶ್ರೀವತ್ಸ ಎಂಬ ಅಧಿಕಾರಿ. ಕೆಟ್ಟವರಲ್ಲ, ದನಿ ಎತ್ತಿ ಮಾತಾಡುವವರೂ ಅಲ್ಲ. ಅಂಥವರ ಜೊತೆಯೇ ಜಗಳ ಕಷ್ಟ.

"ಮೇಡಂ, ಕೆಲಸ ಬೇರೆ, ವ್ಯಾಯಾಮ ಬೇರೆ" ಎಂದರು. "ಕಾಯ್ದೆಯಲ್ಲೇ ವ್ಯಾಖ್ಯಾನ ಇದೆ. ವ್ಯಾಯಾಮ ಅಂದ್ರೆ ಆರೋಗ್ಯಕ್ಕೋಸ್ಕರ ತಾವಾಗೇ ಮಾಡೋದು."

"ಎದಿಗೆ ಆ ವ್ಯಾಖ್ಯಾನ ಗೊತ್ತೈತೇನ್ರಿ ಸರ್?"

ನಕ್ಕರು. "ನಿಮ್ಮ ಸಂಕಟ ಅರ್ಥ ಆಗುತ್ತೆ. ಒಂದ್ ಕೆಲಸ ಮಾಡಿ. ಹೃದಯದ ಡಾಕ್ಟರ ಹತ್ರ ಪೂರ್ತಿ ಪರೀಕ್ಷೆ ಮಾಡ್ಸಿ, ಪ್ರಮಾಣಪತ್ರ ಕಳಿಸಿ. ಆ ಒಬ್ಬರಿಗೆ ವಿಶೇಷ ವಿನಾಯ್ತಿ ಕೊಡೋಣ."

ಅವತ್ತೇ ಮಧ್ಯಾಹ್ನ ಫಕೀರವ್ವನನ್ನು ಡಾಕ್ಟರ್ ಮುನವಳ್ಳಿಯವರ ಹತ್ತಿರ ಕರೆದುಕೊಂಡು ಹೋದೆ. ಅರವತ್ತು ದಾಟಿದ ಹೃದ್ರೋಗ ತಜ್ಞರು, ಗಡಸು ಬಾಯಿ. ನಮ್ಮ ಎದೆಗನ್ನಡಿ ತೊಂಬತ್ತು ಸೆಕೆಂಡಿನಲ್ಲಿ ಮುಗಿಸಿದ್ದಕ್ಕೆ ಅವರು ಒಂದು ತಾಸು ತೆಗೆದುಕೊಂಡರು. ಬರೀ ಪ್ರಶ್ನೆಗಳೇ ಅರ್ಧ ತಾಸು. ಮೆಟ್ಟಿಲು ಹತ್ತುವಾಗ ಎದೆ ನೋಯುತ್ತದೆಯೇ? ಯಾವತ್ತಾದರೂ ಕಣ್ಣು ಕತ್ತಲೆ ಬಂದು ಬಿದ್ದಿದ್ದುಂಟೇ? ಅಪ್ಪ ಹೇಗೆ ತೀರಿಕೊಂಡ? ಅಣ್ಣತಮ್ಮಂದಿರಲ್ಲಿ ಎಳೆ ವಯಸ್ಸಿಗೆ ತಟ್ಟನೆ ಹೋದವರಿದ್ದಾರೆಯೇ? ಯಾವ ಕೆಲಸ, ಎಷ್ಟು ವರ್ಷ, ಎಷ್ಟು ಭಾರ?

"ಇಷ್ಟು ವರ್ಸದಾಗ ಯಾರೂ ನನ್ನ ಇಷ್ಟು ಕೇಳಿದ್ದಿಲ್ರಿ" ಎಂದಳು ಫಕೀರವ್ವ.

ಆಮೇಲೆ ಓಡುವ ಪಟ್ಟೆಯ ಮೇಲೆ ಹತ್ತಿಸಿದರು. ಎದೆ ತುಂಬ ತಂತಿ. ಪಟ್ಟೆ ನಿಧಾನವಾಗಿ ಓಡಿತು, ಏರಾಯಿತು, ಜೋರಾಯಿತು. ಮೊದಲು ಸೀರೆ ಎತ್ತಿ ಕಟ್ಟಿಕೊಳ್ಳಲು ನಾಚಿದವಳು ಆಮೇಲೆ ಡಾಕ್ಟರನ್ನೇ ಕೆಣಕಿದಳು. "ಇಷ್ಟ ಏನ್ರಿ ಏರು? ಏಣಿ ಇಲ್ಲೇನು?" ಪರೀಕ್ಷೆಯ ಕೊನೆಯ ಹಂತ ಮುಗಿದು ಪಟ್ಟೆ ತಾನಾಗಿಯೇ ನಿಂತಿತು. ಅವಳು ಬೆವರಿದ್ದಳು, ಅಷ್ಟೇ.

ಡಾಕ್ಟರು ಕಾಗದ ನೋಡುತ್ತ, "ಇದು ಕಾಯಿಲೆ ಎದಿ ಅಲ್ಲವಾ, ದುಡದ ಎದಿ" ಎಂದರು. "ಆದ್ರ ಹಾರಾಡಬ್ಯಾಡ. ಸಕ್ಕರಿ ಗಡಿಮ್ಯಾಲೆ ಐತಿ, ಬಲಮಂಡಿ ಸವದೈತಿ. ಮೊದಲ ಹದಿನೈದು ದಿನ ಬರೇ ಖಾಲಿ ಸಲಾಕಿ. ಕಲಸೋರು ಹೇಳಿದಂಗ ಕೇಳಬೇಕು. ಎದಿಯಾಗ ಏನರ ಹಿಡದಂಗಾತು ಅಂದ್ರ ಅಲ್ಲೇ ಬಿಟ್ಟು ನನ್ನ ಹತ್ರ ಬರಬೇಕು."

"ಆತ್ರಿ" ಎಂದಳು ಶಾಲೆಯ ಹುಡುಗಿಯ ಹಾಗೆ.

ಪ್ರಮಾಣಪತ್ರ ಹಿಡಿದು ಹೊರಗೆ ಬಂದೆವು. ನನಗೆ ಗೆದ್ದಷ್ಟು ಖುಷಿ. "ಇವತ್ತೇ ಬೆಂಗಳೂರಿಗೆ ಕಳಸ್ತೀನಿ. ನಾಡದು ನಿಂದು ಹಸರ ಆಗತೈತಿ" ಎಂದೆ.

"ನಂದ ಅಷ್ಟನ?"

"ಹೂಂ, ಒಬ್ಬರಿಗೆ ವಿನಾಯ್ತಿ."

ಅವಳು ನಡುಬೀದಿಯಲ್ಲೇ ನಿಂತಳು. "ಮತ್ತ ಯಲ್ಲಮ್ಮ? ದುರಗವ್ವ? ಅವರು ಮಾಡಿದ್ದೂ ನಾ ಮಾಡಿದ್ದೂ ಬ್ಯಾರೆ ಏನ? ಅವರೂ ಮನ್ಯಾಗ ಕುಂತು ಮಂಡಿ ತಿಕ್ಕೊಳ್ಳಾಕತ್ತಾರ. ಈ ಡಾಕ್ಟರ್ ಒಬ್ಬೊಬ್ಬರನ್ನೂ ಒಂದೊಂದ ತಾಸು ನೋಡಿ ಯಾವಾಗ ಮುಗಸಬೇಕ?"

"ಮೊದಲ ನಿಂದರ ಆಗ್ಲಿ ಚಿಗವ್ವ."

"ಬ್ಯಾಡ. ಪ್ರಸಾದ ಕೊಟ್ಟಂಗ ಕೊಡೋ ಹಸರ ನನಗ ಬ್ಯಾಡ. ನಾ ಕೆಲಸ ಮಾಡೀನಿ ಅಂತ ನಿಮ್ಮ ಯಂತ್ರ ಒಪ್ಪಬೇಕು. ಅದು ಏನ ಕೊಟ್ರ ಒಪ್ಪತೈತಿ, ಅದನ್ನ ಹೇಳ."

"ಕೈಪಟ್ಟಿ ದಾಖಲೆ. ಮೂರು ತಾಸಿಂದು ಇದ್ರ ಸಾಕು. ಆದ್ರ ಕೆಲಸದ ಗುಂಡಿ ಒತ್ತಿದ್ರ ದಾಖಲೆ ಆಗಾಂಗಿಲ್ಲ."

"ಒತ್ತಲಿಲ್ಲಂದ್ರ?"

ಒತ್ತದಿದ್ದರೆ ಎಲ್ಲ ದಾಖಲಾಗುತ್ತದೆ. ಮೂವತ್ತೆಂಟು ಕೆಂಪು ಪಟ್ಟಿಗಳೂ ಕೂಗಿಕೊಳ್ಳುತ್ತವೆ. ಮೇಸ್ತ್ರಿ ಮುಂದೆ ಕೆಲಸಕ್ಕೆ ಕರೆಯದಿರಬಹುದು. ನನ್ನ ಕುರ್ಚಿಗೂ ಸಂಚಕಾರ. ಅದನ್ನೆಲ್ಲ ಒಂದೂ ಬಿಡದೆ ಹೇಳಿದೆ.

"ವಾರಕ್ಕ ಎರಡ ದಿನ ಕರೀತಾನ. ಇನ್ನೇನ ಬಿಡಸ್ತಾನ?" ಎಂದಳು. "ನೀ ಅಂಜತಿದ್ರ ಇವತ್ತ ಹೇಳಿಬಿಡ."

ಅಂಜಿಕೆಯೇನೋ ಆಗಿತ್ತು. ಆದರೆ ಮೂವತ್ತೆಂಟು ಸೊನ್ನೆ ಒತ್ತಿದ ಬೆರಳು ನನ್ನದೇ. "ಅಂಜಿಲ್ಲ" ಎಂದು ಸುಳ್ಳು ಹೇಳಿದೆ. ಒಂದು ಮಾತು ಮಾತ್ರ ಹಟದಿಂದ ಹೇಳಿದೆ: ಯಾರಿಗಾದರೂ ಎದೆ ನೋವು, ತಲೆಸುತ್ತು ಇದ್ದರೆ ಅವರು ಬುಟ್ಟಿ ಮುಟ್ಟಬಾರದು. ಡಾಕ್ಟರು ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದು ಕೊಟ್ಟೆ. ಶನಿವಾರ, ಭಾನುವಾರ ಫಕೀರವ್ವ ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಿದಳಂತೆ. ಎಲ್ಲರದೂ ಇಲ್ಲ, ಇಲ್ಲ, ಇಲ್ಲ.

ಸೋಮವಾರ ಹಳೇ ಹುಬ್ಬಳ್ಳಿಯ ಒಂದು ಶಾಲೆಯ ಎರಡನೇ ಮಹಡಿಗೆ ಸ್ಲ್ಯಾಬ್. ಲಾರಿ ಹೋಗದ ಗಲ್ಲಿ. ಎಂಟು ಗಂಟೆಗೆ ಮೇಸ್ತ್ರಿ "ಕೆಲಸ ಒತ್ತ್ರಿ" ಎಂದು ಕೂಗಿದನಂತೆ. ಒಂದು ಹೆಬ್ಬೆರಳೂ ಏಳಲಿಲ್ಲ. ಅವನಿಗೆ ಅದು ಗೊತ್ತಾಗುವ ಹೊತ್ತಿಗೆ ಮಿಕ್ಸರು ತಿರುಗಿ, ಮೊದಲ ಬುಟ್ಟಿಗಳು ಮೇಲೆ ಹೋಗಿಯಾಗಿತ್ತು.

ಕೇಂದ್ರದಲ್ಲಿ ನನ್ನ ಪರದೆಯಲ್ಲಿದ್ದ ಊರಿನ ನಕಾಶೆಯ ಮೇಲೆ ಎಂಟು ಹತ್ತಕ್ಕೆ ಒಂದು ಕೆಂಪು ಚುಕ್ಕಿ ಮಿಣುಕಿತು. ಹಿಂದೆಯೇ ನಾಲ್ಕು. ಹಿಂದೆಯೇ ಗುಂಪು. 'ಅನುಮತಿಯಿಲ್ಲದ ವ್ಯಾಯಾಮ ಪತ್ತೆ' ಎಂದು ಪರದೆ ಬಡಿದುಕೊಂಡಿತು. ನಾನು ಒಂದು ಕಪ್ ಚಹಾ ತರಿಸಿಕೊಂಡು, ಒಬ್ಬೊಬ್ಬರ ಬಡಿತವನ್ನೂ ಕಣ್ಣಿಟ್ಟು ನೋಡುತ್ತ ಕುಳಿತೆ. ಏರುವಾಗ ನೂರಿಪ್ಪತ್ತು, ನೂರಮೂವತ್ತು. ಇಳಿಯುವಾಗ ಎಂಬತ್ತು. ಎಂಥ ಚಂದದ ಬಡಿತಗಳು! ಪಾಠ ಮಾಡಲು ಪುಸ್ತಕದಲ್ಲಿ ಹಾಕಬಹುದು. ಆರು ವರ್ಷ ಇದನ್ನೆಲ್ಲ ಒಂದು ಗುಂಡಿಯ ಕೆಳಗೆ ಹೂತಿಟ್ಟಿದ್ದೆವು.

ಹನ್ನೊಂದು ಹತ್ತಕ್ಕೆ ಮೊದಲನೆಯವಳದು ನೂರೆಂಬತ್ತು ನಿಮಿಷ ದಾಟಿತು. ಮಿತಿ ದಾಟಿದ ಸುದ್ದಿ ಬೆಂಗಳೂರಿಗೆ ಹೋಯಿತು, ಐದು ನಿಮಿಷಕ್ಕೆ ಶ್ರೀವತ್ಸರ ಫೋನು.

"ಮೇಡಂ, ಹುಬ್ಬಳ್ಳೀಲಿ ಅದ್ಯಾವ ಜಿಮ್? ಮೂವತ್ತೆಂಟು ಜನ, ಎಲ್ಲಾ ಕೆಂಪು! ಮೂರು ಗಂಟೆಯಿಂದ ಒಂದೇ ಸಮ ಮಾಡ್ತಿದಾರೆ!"

"ಜಿಮ್ ಅಲ್ರಿ ಸರ್. ಸ್ಲ್ಯಾಬ್."

"ಹಾಗಾದ್ರೆ ಕೆಲಸದ ಗುಂಡಿ ಒತ್ತೋಕೆ ಹೇಳಿ."

"ಒತ್ತಾಂಗಿಲ್ಲಂತ."

"ಹಾಗಾದ್ರೆ ನಿಲ್ಲಿಸೋಕೆ ಹೇಳಿ! ಯಾರಿಗಾದ್ರೂ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

ನನಗೆ ನೆತ್ತಿಗೇರಿತು. "ಹೋದ ಗುರುವಾರನೂ ಇದ ಮಂದಿ, ಇದ ಬುಟ್ಟಿ ಸರ್. ಅವತ್ತ ನೀವು ಫೋನ್ ಮಾಡಲಿಲ್ಲ. ತಡೀರಿ, ಅವರಿಗೇ ಹೇಳ್ರಿ." ಫಕೀರವ್ವನ ಫೋನಿಗೆ ಕರೆ ಜೋಡಿಸಿದೆ.

ಮಿಕ್ಸರಿನ ಗಡಗಡ, ಪಟ್ಟಿಗಳ ಕಿರುಚಾಟ, ಅದರ ಮೇಲೆ ಅವಳ ದನಿ. "ಯಾರ್ರಿ? ಬೆಂಗಳೂರು ಸಾಹೇಬ್ರ? ನಮಸ್ಕಾರ್ರಿ. ಸ್ಲ್ಯಾಬ್ ಅರ್ಧಕ್ಕ ನಿಲ್ಲಸಾಕ ಬರಾಂಗಿಲ್ರಿ. ಜೋಡ ಬಿಟ್ಟು ಸೋರತೈತಿ, ಕೆಳಗ ಮಕ್ಕಳು ಕುಂಡ್ರಾವು. ನಮ್ಮ ಎದಿ ಬಗ್ಗೆ ನಿಮಗ ಅಷ್ಟು ಕಾಳಜಿ ಇದ್ರ ಬರದು ಕಳಸ್ರಿ. ಬಾಯಿಮಾತು ಬ್ಯಾಡ."

"ಬರೆದೇ ಕಳಿಸ್ತೀನಿ" ಎಂದು ಶ್ರೀವತ್ಸ ಫೋನಿಟ್ಟರು. ಮೊದಲ ಸಲ ಅವರ ದನಿ ಏರಿತ್ತು.

ಎರಡು ನಿಮಿಷದಲ್ಲಿ ಆದೇಶ ಪರದೆಗೆ ಬಂತು. ಮೂವತ್ತೆಂಟು ಹೆಸರು, ಕೆಳಗೆ ಸಹಿ, ಮೊಹರು. ನಾನು ಫೋನಿನಲ್ಲಿ ಗಟ್ಟಿಯಾಗಿ ಓದಿದೆ: "'ಮೇಲ್ಕಂಡ ಮೂವತ್ತೆಂಟು ಮಂದಿ ಈ ದಿನ ಬೆಳಿಗ್ಗೆಯಿಂದ ನಿರಂತರವಾಗಿ ನಡೆಸುತ್ತಿರುವ ತೀವ್ರ ವ್ಯಾಯಾಮವನ್ನು ಕೂಡಲೇ ನಿಲ್ಲಿಸತಕ್ಕದ್ದು.'"

"ಇನ್ನೊಮ್ಮೆ ಓದ" ಎಂದಳು ಫಕೀರವ್ವ. ಓದಿದೆ.

"ಏ ಯಲ್ಲಮ್ಮಾ! ದುರಗೀ! ಎಲ್ಲಾರೂ ಕೇಳ್ರೇ!" ಅವಳ ಕೂಗಿಗೆ ನನ್ನ ಕಿವಿ ಗುಂಯ್ ಎಂದಿತು. "ನಾವು ಮಾಡೂದು ವ್ಯಾಯಾಮಂತ! ತೀವ್ರ ವ್ಯಾಯಾಮಂತ! ಸಹಿ ಮಾಡಿ ಕಳಸ್ಯಾರ!" ಆ ಕಡೆ ಎದ್ದ ನಗೆಯಲ್ಲಿ ಪಟ್ಟಿಗಳ ಕಿರುಚಾಟ ಮುಳುಗಿಹೋಯಿತು.

ನಾನು ತಡಮಾಡಲಿಲ್ಲ. ಆದೇಶವನ್ನೂ ಕೈಪಟ್ಟಿಗಳ ದಾಖಲೆಯನ್ನೂ ಮೂವತ್ತೆಂಟು ಹಾಳೆಗಳಿಗೆ ಲಗತ್ತಿಸಿದೆ. ಯಂತ್ರ ಒಂದೊಂದನ್ನೇ ತೆಗೆದುಕೊಂಡಿತು. 'ಅಧಿಕೃತ ದಾಖಲೆ ಒಪ್ಪಿದೆ. ಹಿಂದಿನ ಉತ್ತರ ರದ್ದು. ಮರುತಪಾಸಣೆಗೆ ಕರೆಯಿರಿ.' ಮೂವತ್ತೆಂಟು ಸಲ.

ಶ್ರೀವತ್ಸರ ಫೋನು ಮತ್ತೆ ಬಂತು. "ಮೇಡಂ, ಆದೇಶ ತಲುಪಿಸಿದ್ರಾ? ನಿಲ್ಲಿಸಿದ್ರಾ ಅವ್ರು?"

"ತಲುಪಿಸೀನ್ರಿ ಸರ್. ನಿಲ್ಲಿಸಿಲ್ಲ. ನಾಕಕ್ಕ ಸ್ಲ್ಯಾಬ್ ಮುಗೀತೈತಿ. ಮುಗಿಸಿ, ಕೈಕಾಲು ತೊಳಕೊಂಡು, ಮೂವತ್ತೆಂಟೂ ಮಂದಿ ಇಲ್ಲಿಗೇ ಬರ್ತಾರ. ಈ ಸಲ ಯಂತ್ರದ ಪ್ರಶ್ನೆ ಅಲ್ಲ, ನನ್ನ ಪ್ರಶ್ನೆ ಕೇಳ್ತೀನಿ: ಎಷ್ಟು ಬುಟ್ಟಿ ಹೊತ್ತ್ರಿ?"